ಆರಿದ್ರಾ ನಕ್ಷತ್ರದ ಗಾಳಿ

ಚಳ್ಳಕೆರೆ ಸೀಮೆಯಲ್ಲಿ ಆರಿದ್ರಾ ಎಂದರೆ ಮಳೆ, ಶೇಂಗಾ ಬಿತ್ತನೆ. ಆ ಮಳೆಗೆ ಹೆಸರು ಕೊಟ್ಟ ನಕ್ಷತ್ರವನ್ನು ಕಂಡವರೆಷ್ಟು ಮಂದಿ? ಜನವರಿಯಲ್ಲಿ ರಾತ್ರಿ ಎಂಟರ ಹೊತ್ತಿಗೆ ಉಳ್ಳಾರ್ತಿ ಕಾವಲ್‌ನಂಥ ಬಯಲಿನಲ್ಲಿ ಪೂರ್ವಕ್ಕೆ ಮುಖಮಾಡಿ ನಿಲ್ಲಿ. ಒಂದೇ ಸಾಲಿನ ಮೂರು ಚುಕ್ಕೆಗಳ ಎಡಕ್ಕೆ ಕೆಂಪಗೆ ಹೊಳೆಯುವುದೇ ಆರ್ದ್ರಾ.

ಇದು ಮುಪ್ಪಿನ ನಕ್ಷತ್ರ. ಸೂರ್ಯನ ಜಾಗದಲ್ಲಿಟ್ಟರೆ ಭೂಮಿ, ಮಂಗಳಗಳ ಕಕ್ಷೆಗಳನ್ನೂ ನುಂಗುವಷ್ಟು ಉಬ್ಬಿದೆ. ಹಾಗಾಗಿ ಅದರ ಹೊರಪದರದ ಮೇಲೆ ಗುರುತ್ವದ ಹಿಡಿತ ಸಡಿಲ. ಅಲ್ಲಿಂದ ಅನಿಲ ಸೆಕೆಂಡಿಗೆ ಹತ್ತಿಪ್ಪತ್ತು ಕಿಲೋಮೀಟರ್ ವೇಗದಲ್ಲಿ ಹೊರಗೆ ಬೀಸುತ್ತದೆ. ತಣಿದಂತೆ ಅದರಲ್ಲಿ ದೂಳು ಹುಟ್ಟುತ್ತದೆ. 2019–20ರಲ್ಲಿ ಆರ್ದ್ರಾ ಮಂಕಾಗಲು ಇಂಥ ದೂಳೂ ಕಾರಣವಾಗಿತ್ತು.

ಈ ಗಾಳಿ ಎಲ್ಲಿಯವರೆಗೆ ಹೋಗುತ್ತದೆ? ನಕ್ಷತ್ರಗಳ ನಡುವಿನ ಬಯಲು ಬರಿದಲ್ಲ. ಅಲ್ಲಿ ಘನ ಸೆಂಟಿಮೀಟರಿಗೆ ಸುಮಾರು ಒಂದು ಪರಮಾಣುವಿನಷ್ಟು ಅನಿಲವಿದೆ. ಇಷ್ಟು ವಿರಳವಾದದ್ದು ಏನನ್ನು ತಡೆದೀತು ಎನ್ನಬೇಡಿ. ದೂರ ಸಾಗಿದಂತೆ ಗಾಳಿಯೂ ತೆಳುವಾಗುತ್ತದೆ. ಎರಡರ ಒತ್ತಡ ಸಮವಾದಲ್ಲಿ ಅದು ನಿಲ್ಲಲೇಬೇಕು. ನಕ್ಷತ್ರ ತಾನೂ ಚಲಿಸುತ್ತಿದ್ದರೆ ಮುಂದೆ ಅನಿಲ ಒತ್ತೊತ್ತಾಗಿ ಬಿಲ್ಲಿನಂತೆ ಬಾಗುತ್ತದೆ, ದೋಣಿಯ ಮೂತಿಯಲ್ಲಿ ನೀರು ಏಳುವ ಹಾಗೆ. ಆರ್ದ್ರಾದ ಮುಂದಿರುವ ಇಂಥ ಬಿಲ್ಲನ್ನು ಜಪಾನಿನ ಅಕಾರಿ ಉಪಗ್ರಹ ಅವಕೆಂಪು ಕಿರಣಗಳಲ್ಲಿ ಸೆರೆಹಿಡಿದಿದೆ.

ತಿಮಿಂಗಿಲ ನಕ್ಷತ್ರಪುಂಜದ ಮೀರಾ ಇನ್ನೂ ಅವಸರದ ಮುದುಕಿ! ಅದರ ವೇಗ ಸೆಕೆಂಡಿಗೆ ಸುಮಾರು 130 ಕಿಲೋಮೀಟರ್. ಅದರ ಹಿಂದೆ 13 ಜ್ಯೋತಿರ್ವರ್ಷ ಉದ್ದದ ಬಾಲವಿದೆ ಎಂದು 2007ರಲ್ಲಿ ಗೊತ್ತಾಯಿತು. ಸುಮಾರು 30,000 ವರ್ಷಗಳಲ್ಲಿ ಅದು ಉದುರಿಸಿಕೊಂಡು ಬಂದ ಅನಿಲವದು.

ಈ ಶೋಧದಲ್ಲಿ ಬೆಂಗಳೂರಿನ ಪಾಲೂ ಇದೆ. ಇಸ್ರೊ 2015ರಲ್ಲಿ ಹಾರಿಸಿದ ಆಸ್ಟ್ರೋಸ್ಯಾಟ್‌ನ ನೇರಳಾತೀತ ದೂರದರ್ಶಕವನ್ನು ರೂಪಿಸುವಲ್ಲಿ ಭಾರತೀಯ ಖಭೌತ ಸಂಸ್ಥೆ ಮುಂದಾಳು. ಅದರ ನೆರವಿನಿಂದ ಎನ್. ಕಾಮೇಶ್ವರ ರಾವ್ ಮತ್ತು ಸಂಗಡಿಗರು, ಮುದಿ ನಕ್ಷತ್ರವೊಂದು ಕಳಚಿದ ಎನ್‌ಜಿಸಿ 40 ಎಂಬ ನೀಹಾರಿಕೆಯ ಸುತ್ತ ಮಸುಕಾದ ಪ್ರಭಾವಲಯವನ್ನು ಕಂಡು 2018ರಲ್ಲಿ ವರದಿ ಮಾಡಿದರು. ತಣ್ಣನೆಯ ಹೈಡ್ರೋಜನ್ ಅಣುಗಳು ಬೀರುವ ಬೆಳಕು ಅದೆಂದು ಅವರ ವಿವರಣೆ.

ಇದರಿಂದ ನಮಗೇನು ಎನ್ನುವಿರಾ? ಈ ಗಾಳಿ ಹೊತ್ತು ತರುವ ಇಂಗಾಲ ಕ್ರಮೇಣ ಸುತ್ತಲಿನ ಅನಿಲದಲ್ಲಿ ಬೆರೆತು ಮುಂದಿನ ನಕ್ಷತ್ರ, ಗ್ರಹಗಳಿಗೆ ಸರಕಾಗುತ್ತದೆ. ಶೇಂಗಾದಲ್ಲಿ, ನಮ್ಮ ಮೈಯಲ್ಲಿ ಇರುವ ಇಂಗಾಲದ ಗಣನೀಯ ಪಾಲು ಬಂದದ್ದು ಮೀರಾದಂಥ ಮುದಿ ನಕ್ಷತ್ರಗಳಿಂದಲೇ. ಸುಮಾರು 500 ಕೋಟಿ ವರ್ಷಗಳ ನಂತರ ನಮ್ಮ ಸೂರ್ಯನೂ ಹೀಗೆಯೇ ಉಬ್ಬಿ, ಪಡೆದದ್ದನ್ನು ಹಿಂದಿರುಗಿಸಲಿದ್ದಾನೆ.

ತಂದೆತಾಯಿಗಳಿಗೆ ಒಂದು ಮಾತು. ಊರಿನ ದೀಪಗಳು ಹೆಚ್ಚಿದಷ್ಟೂ ಬಾನು ಮಬ್ಬಾಗುತ್ತದೆ. ಕಾವಲಿನ ಮೇಲೆ ಕತ್ತಲು ಉಳಿದಿರುವಾಗಲೇ ಮಕ್ಕಳನ್ನು ಒಂದು ರಾತ್ರಿ ಹೊರಗೆ ಕರೆದೊಯ್ದು ಆರ್ದ್ರಾವನ್ನು ತೋರಿಸಿ.