ಸೊಳ್ಳೆ ಹಿಡಿಯೋಕೆ ಇಟ್ಟ ಬಾಟಲಿಯಲ್ಲೇ ಸೊಳ್ಳೆ

ರಾತ್ರಿ ಹನ್ನೊಂದಕ್ಕೆ ಹಾಸ್ಟೆಲ್ ಕಾರಿಡಾರಿನಲ್ಲಿ ಒಂದು ಸುತ್ತು ನಡೆದು ನೋಡಿ. ಒಂದು ರೂಮಿನಿಂದ ಸೊಳ್ಳೆಬತ್ತಿಯ ಹೊಗೆ, ಇನ್ನೊಂದರಿಂದ ಕರ್ಪೂರದ ವಾಸನೆ. ಮೂರನೇ ರೂಮಿನಲ್ಲಿ ಬ್ಯಾಟು ಚಟ್ ಅನ್ನುತ್ತೆ, ಹಿಂದೆಯೇ ಯಾರೋ "ಔಟ್!" ಅಂತ ಕೂಗ್ತಾರೆ. ಅದರ ಪಕ್ಕದ ರೂಮಿನಲ್ಲಿ ಒಬ್ಬ ಅರ್ಧ ನಿಂಬೆಹಣ್ಣಿಗೆ ಲವಂಗ ಚುಚ್ಚಿ ಟೇಬಲ್ ಮೇಲಿಟ್ಟು, ಕಾಲು ಕೆರೆದುಕೊಳ್ಳುತ್ತಾ ಇಂಟರ್ನಲ್ಸ್‌ಗೆ ಓದುತ್ತಿರುತ್ತಾನೆ. ಮಳೆಗಾಲ ಶುರುವಾಯಿತು ಅಂತ ನಮಗೆ ಗೊತ್ತಾಗೋದು ಮೋಡ ನೋಡಿ ಅಲ್ಲ, ಈ ವಾಸನೆಗಳಿಂದ.

ನಾವೂ ಇದನ್ನೆಲ್ಲ ಮಾಡಿದ್ದೀವಿ. ನಿಂಬೆ-ಲವಂಗ, ಈರುಳ್ಳಿ ಹೋಳು, ಬೇವಿನ ಸೊಪ್ಪಿನ ಹೊಗೆ (ಫೈರ್ ಅಲಾರಂ ಹೊಡೆದುಕೊಂಡು ಇಡೀ ಬ್ಲಾಕ್ ಕೆಳಗಿಳಿಯಿತು, ಆ ಕಥೆ ಬೇಡ), ಮೊಬೈಲಿನಲ್ಲಿ "ಸೊಳ್ಳೆ ಓಡಿಸುವ ಶಬ್ದ"ದ ಆಪ್, ಯಾವುದನ್ನೂ ಬಿಟ್ಟಿಲ್ಲ. ಹಾಗಾಗಿ ಇದನ್ನು ಉಪದೇಶ ಅಂದುಕೊಳ್ಳಬೇಡಿ, ತಪ್ಪೊಪ್ಪಿಗೆ ಅಂದುಕೊಳ್ಳಿ. ಮನೆಮದ್ದು ಮಾಡೋದು ತಪ್ಪು ಅಂತ ನಾವು ಹೇಳ್ತಿಲ್ಲ. ಎದುರಿಗಿರೋ ಹುಳ ಯಾವುದು, ಅದಕ್ಕೆ ಏನು ಬೇಕು ಅಂತ ಒಂದು ನಿಮಿಷವೂ ಯೋಚಿಸದೆ ಮಾಡೋದು ತಪ್ಪು. ನಾವು ಇಂಜಿನಿಯರಿಂಗ್ ಓದೋರು. ಬೇರೆ ಯಾರು ಮಾಡದಿದ್ದರೂ ನಾವಾದರೂ ಅಷ್ಟು ಮಾಡಬೇಕಿತ್ತು.

ಕೆಲಸ ಮಾಡಿದ ಉಪಾಯದಿಂದಲೇ ಶುರು ಮಾಡ್ತೀವಿ. ಹೋದ ಸೆಮಿಸ್ಟರ್ ಊರಿಂದ ಒಂದು ಗೊನೆ ಬಾಳೆಹಣ್ಣು ಬಂತು. ಮೂರನೇ ದಿನಕ್ಕೆ ರೂಮೆಲ್ಲ ಗುಂಗುರು ನೊಣ. ಗೋಬಿ ಅಂಗಡಿಯ ಅಣ್ಣನ ಹತ್ರ ಎರಡು ಚಮಚ ವಿನೆಗರ್ ಇಸ್ಕೊಂಡು ಬಂದು ಲೋಟಕ್ಕೆ ಹಾಕಿ, ಸ್ವಲ್ಪ ನೀರು ಸೇರಿಸಿ, ಪಾತ್ರೆ ತೊಳೆಯೋ ಲಿಕ್ವಿಡ್ ಎರಡು ಹನಿ ಬಿಟ್ಟೆವು. ಬೆಳಿಗ್ಗೆ ನೋಡಿದರೆ ಲೋಟದ ತಳ ಕಪ್ಪಗಾಗಿತ್ತು. ಕಾರಣ ಸರಳ. ಈ ನೊಣಕ್ಕೆ ಹುಳಿ ಹಿಡಿದ ಹಣ್ಣಿನ ವಾಸನೆ ಅಂದರೆ ಊಟದ ಗಂಟೆ ಬಾರಿಸಿದ ಹಾಗೆ. ಬರೀ ವಿನೆಗರ್ ಇದ್ದಿದ್ದರೆ ಅದರ ಮೇಲೆ ಕೂತು, ಕುಡಿದು, ಹಾರಿ ಹೋಗ್ತಿತ್ತು. ಸೋಪು ನೀರಿನ ಸರ್ಫೇಸ್ ಟೆನ್ಷನ್ ಇಳಿಸಿಬಿಡುತ್ತೆ, ಕಾಲಿಟ್ಟ ನೊಣ ಒಳಗೆ ಮುಳುಗುತ್ತೆ. ಫಸ್ಟ್ ಇಯರ್ ಕೆಮಿಸ್ಟ್ರಿ ಲ್ಯಾಬ್ ಅಷ್ಟು ಉಪಯೋಗಕ್ಕೆ ಬಂದಿದ್ದು ಅದೇ ಮೊದಲು.

ಇನ್ನೊಂದು ನಮ್ಮ ಅಜ್ಜಿಯಂದಿರ ಉಪಾಯ. ಮೊದಲ ದೊಡ್ಡ ಮಳೆ ಬಿದ್ದ ಸಂಜೆ ರೆಕ್ಕೆ ಬಂದ ಗೆದ್ದಲು ಟ್ಯೂಬ್‌ಲೈಟ್ ಸುತ್ತ ಮುತ್ತಿಕೊಂಡು ಊಟದ ತಟ್ಟೆಗೇ ಬೀಳುತ್ತವಲ್ಲ, ಆಗ ಮನೆಯ ದೀಪವೆಲ್ಲ ಆರಿಸಿ, ಒಂದೇ ಒಂದು ದೀಪದ ಕೆಳಗೆ ಅಗಲವಾದ ತಟ್ಟೆಯಲ್ಲಿ ನೀರಿಡೋದು. ಅವು ಬೆಳಕಿಗೆ ಬಂದು ನೀರಿಗೆ ಬೀಳ್ತವೆ. ಇದೂ ನೂರಕ್ಕೆ ನೂರು ಕೆಲಸ ಮಾಡುತ್ತೆ.

ಎಡವಟ್ಟು ಆಗೋದು ಇಲ್ಲೇ. ಗೆದ್ದಲು ಬೆಳಕಿಗೆ ಬಂತು, ಹಾಗಾದರೆ ಸೊಳ್ಳೆಯೂ ಬರುತ್ತೆ ಅಂದುಕೊಂಡು ಆನ್‌ಲೈನಿನಲ್ಲಿ ನೀಲಿ ದೀಪದ ಮಷೀನ್ ತರಿಸ್ತೀವಿ. ಸೊಳ್ಳೆಗೆ ಬೇಕಿರೋದು ಬೆಳಕಲ್ಲ, ನಾವು. ಅದರಲ್ಲೂ ಕಚ್ಚೋದು ಹೆಣ್ಣು ಸೊಳ್ಳೆ ಮಾತ್ರ, ಮೊಟ್ಟೆ ಬೆಳೆಸೋಕೆ ಅದಕ್ಕೆ ರಕ್ತ ಬೇಕು. ನಾವು ಬಿಡೋ ಉಸಿರಿನ ಕಾರ್ಬನ್ ಡೈಆಕ್ಸೈಡ್, ಮೈಶಾಖ, ಬೆವರಿನ ವಾಸನೆ ಹಿಡಿದು ಅದು ಬರುತ್ತೆ. ಅಮೆರಿಕದ ಡೆಲವೇರ್‌ನಲ್ಲಿ ಇಂಥ ದೀಪಗಳಿಗೆ ಬಿದ್ದ ಹುಳಗಳನ್ನು ಕೂತು ಎಣಿಸಿದ್ದಾರೆ. 1996ರಲ್ಲಿ ಅದು ಪ್ರಕಟವಾಯಿತು. ಸತ್ತಿದ್ದು 13,789 ಹುಳ. ಅದರಲ್ಲಿ ಮನುಷ್ಯರನ್ನು ಕಚ್ಚೋ ಜಾತಿಯವು 31. ಉಳಿದವೆಲ್ಲ ತಮ್ಮ ಪಾಡಿಗೆ ತಾವಿದ್ದ ಬಡಪಾಯಿಗಳು. ಶಬ್ದದ ಆಪ್ ಕಥೆ ಇದಕ್ಕಿಂತ ಕಡೆ. ಅಂಥ ಉಪಕರಣಗಳ ಮೇಲಿನ 10 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ 2007ರ ವರದಿಯೊಂದಿದೆ, ಕಚ್ಚೋದು ಕಮ್ಮಿಯಾಗಲೇ ಇಲ್ಲ ಅನ್ನುತ್ತೆ.

ಈಗ ನಮ್ಮ ಬಾಟಲಿ. ವಿಡಿಯೋ ನೀವೂ ನೋಡಿರ್ತೀರಿ. ಎರಡು ಲೀಟರ್ ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆ ಕತ್ತರಿಸಿ, ತಲೆಕೆಳಗಾಗಿ ಆಲಿಕೆ ಥರ ಅದರೊಳಗೇ ಕೂರಿಸಿ, ಸಕ್ಕರೆ ನೀರಿಗೆ ಯೀಸ್ಟ್ ಹಾಕೋದು. ಯೀಸ್ಟು ಕಾರ್ಬನ್ ಡೈಆಕ್ಸೈಡ್ ಬಿಡುತ್ತೆ, ಅದನ್ನು ಉಸಿರು ಅಂದುಕೊಂಡು ಸೊಳ್ಳೆ ಒಳಗೆ ಹೋಗಿ ಸಿಕ್ಕಿಬೀಳುತ್ತೆ. ತರ್ಕ ಚೆನ್ನಾಗಿದೆ, ನಿಂಬೆ-ಲವಂಗಕ್ಕಿಂತ ಎಷ್ಟೋ ವಾಸಿ. ನಮಗೆ ಖುಷಿಯಾಗಿ ನಾಲ್ಕು ಬಾಟಲಿ ಮಾಡಿದೆವು. ಆದರೆ ಲೆಕ್ಕ ಹಾಕಲಿಲ್ಲ. ಈಗ ಹಾಕ್ತೀವಿ ನೋಡಿ. ಬಾಟಲಿಗೆ 50 ಗ್ರಾಂ ಸಕ್ಕರೆ ಅಂದುಕೊಳ್ಳಿ. ಅಷ್ಟೂ ಹುದುಗಿದರೂ ಹೊರಬರೋ ಕಾರ್ಬನ್ ಡೈಆಕ್ಸೈಡ್ ಸುಮಾರು 25 ಗ್ರಾಂ, ಅದೂ ಕೆಲವು ದಿನಗಳ ಮೇಲೆ ಹಂಚಿಕೊಂಡು. ಒಬ್ಬ ಮನುಷ್ಯ ದಿನಕ್ಕೆ ಬಿಡೋದು ಸುಮಾರು ಒಂದು ಕೆಜಿ. ರೂಮಿನಲ್ಲಿ ಮೂವರು ಮಲಗಿದರೆ ಒಂದು ರಾತ್ರಿಗೆ ಹೆಚ್ಚುಕಮ್ಮಿ ಮುಕ್ಕಾಲು ಕೆಜಿ. ಜೊತೆಗೆ ಬಿಸಿ ಮೈ, ಮೂರು ದಿನ ಒಗೆಯದ ಟೀ-ಶರ್ಟು. ಮದುವೆ ಊಟದ ಪಕ್ಕ ಒಂದು ಬಿಸ್ಕತ್ತಿಟ್ಟು ಅತಿಥಿಗಳನ್ನು ಕರೆದಂತಾಯಿತು.

ಒಂದು ವಾರ ಕಾದೆವು. ಬಿದ್ದಿದ್ದು ಒಂದಿಷ್ಟು ಇರುವೆ, ಎರಡು ನೊಣ. ಬೇಜಾರಾಗಿ ನಾಲ್ಕೂ ಬಾಟಲಿ ತೆಗೆದು ಬಾಲ್ಕನಿ ಮೂಲೆಯಲ್ಲಿ, ಮುರಿದ ಕುರ್ಚಿ ಹಿಂದೆ ಇಟ್ಟು ಮರೆತೆವು. ಆಮೇಲೆ ಮಳೆ ಬಂತು. ಇಂಟರ್ನಲ್ಸ್ ಬಂತು. ಇಂಟರ್ನಲ್ಸ್‌ಗೆ ನಾಲ್ಕು ದಿನ ಇದ್ದಾಗ ನಮ್ಮ ಮೂವರಲ್ಲೊಬ್ಬನಿಗೆ ಜ್ವರ ಬಂತು. ಮೊದಲ ದಿನ ಮಳೆಯಲ್ಲಿ ನೆನೆದದ್ದಕ್ಕೆ ಅಂದುಕೊಂಡೆವು. ಎರಡನೇ ದಿನ ಕಣ್ಣಿನ ಹಿಂದೆ ನೋವು, ಎದ್ದು ಬಾತ್‌ರೂಮಿಗೆ ಹೋಗೋಕೂ ಆಗದಷ್ಟು ಮೈಕೈ ನೋವು. ರಕ್ತ ಪರೀಕ್ಷೆಯಲ್ಲಿ ಡೆಂಗ್ಯೂ. ಅವರಮ್ಮ ರಾತ್ರಿ ಬಸ್ಸು ಹತ್ತಿ ಬಂದರು. ಐದು ದಿನ ಆಸ್ಪತ್ರೆ. ದಿನಾ ಬೆಳಿಗ್ಗೆ ಪ್ಲೇಟ್‌ಲೆಟ್ ಎಷ್ಟು ಅಂತ ಫೋನು ಮಾಡಿ ಕೇಳೋದು, ಸಂಖ್ಯೆ ಕೇಳಿ ಸುಮ್ಮನಾಗೋದು. ಅವನು ಹುಷಾರಾಗಿ ಬಂದ. ಇಂಟರ್ನಲ್ಸ್ ಹೋಯಿತು, ಅಟೆಂಡೆನ್ಸ್ ವಿಷಯಕ್ಕೆ ಇನ್ನೂ ಅರ್ಜಿ ಹಿಡಿದು ಓಡಾಡ್ತಿದ್ದಾನೆ.

ಡೆಂಗ್ಯೂ ಕೇಸು ಅಂತ ಗೊತ್ತಾದ ಮೇಲೆ ಆಶಾ ಕಾರ್ಯಕರ್ತೆಯೊಬ್ಬರು ಟಾರ್ಚ್ ಹಿಡಿದುಕೊಂಡು ಹಾಸ್ಟೆಲ್ ನೋಡೋಕೆ ಬಂದರು. ನಮ್ಮ ಬಾಲ್ಕನಿಗೆ ಬಂದು, ಕುರ್ಚಿ ಸರಿಸಿ, ಒಂದು ಬಾಟಲಿ ಎತ್ತಿ ಬೆಳಕು ಬಿಟ್ಟರು. ಮಳೆನೀರು ತುಂಬಿತ್ತು. ಒಳಗೆ ದಾರದ ತುಂಡುಗಳಂಥ ಮರಿಹುಳಗಳು ಕುಣಿಯುತ್ತಿದ್ದವು.

"ಏನಪ್ಪಾ ಇದು?"

"ಸೊಳ್ಳೆ ಹಿಡಿಯೋ ಬಾಟಲಿ ಅಕ್ಕಾ."

"ಹಿಡಿಯೋದಲ್ಲ ಕಣಪ್ಪ, ಸಾಕೋದು ಇದು."

ಅವನನ್ನು ಕಚ್ಚಿದ ಸೊಳ್ಳೆ ನಮ್ಮ ಬಾಟಲಿಯಲ್ಲೇ ಹುಟ್ಟಿದ್ದು ಅಂತ ಹೇಳೋಕೆ ಯಾವ ಟೆಸ್ಟೂ ಇಲ್ಲ. ಅಲ್ಲ ಅಂತ ಹೇಳೋಕೂ ಇಲ್ಲ. ಆ ಲೆಕ್ಕ ಮಾತ್ರ ನಮ್ಮ ತಲೆಯಿಂದ ಹೋಗಿಲ್ಲ.

ಆಮೇಲೆ ಓದಿದಾಗ ಗೊತ್ತಾಯಿತು, ಈ ಪಾಠ ಬೆಂಗಳೂರಿನಲ್ಲೇ ಒಬ್ಬರಿಗೆ 1883ರಷ್ಟು ಹಿಂದೆ ಸಿಕ್ಕಿತ್ತು. ರೊನಾಲ್ಡ್ ರಾಸ್ ಆಗ ಸೈನ್ಯದ ಡಾಕ್ಟರ್ ಆಗಿ ಬೆಂಗಳೂರಿಗೆ ಬಂದಿದ್ದ ಹುಡುಗ, ಇಪ್ಪತ್ತಾರು ವಯಸ್ಸು. ಉಳಿದುಕೊಂಡ ಬಂಗಲೆಯಲ್ಲಿ ಸೊಳ್ಳೆ ಕಾಟ. ನೋಡಿದರೆ ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲೇ ಮರಿಹುಳ. ತೊಟ್ಟಿ ಬಗ್ಗಿಸಿದರು, ಸೊಳ್ಳೆ ಕಮ್ಮಿಯಾಯಿತು. ಮೆಸ್ಸಿನ ತೋಟದ ತೊಟ್ಟಿಗಳನ್ನೂ ಹೂದಾನಿಗಳನ್ನೂ ಹೀಗೇ ಖಾಲಿ ಮಾಡೋಣ ಅಂತ ಮೇಲಧಿಕಾರಿಗೆ ಹೇಳಿದರೆ ಅವರು ಒಪ್ಪಲಿಲ್ಲ. ಸೊಳ್ಳೆಯನ್ನು ಸೃಷ್ಟಿ ಮಾಡಿರೋದಕ್ಕೆ ಏನೋ ಕಾರಣ ಇರುತ್ತೆ, ಸಹಿಸಿಕೊಳ್ಳೋದು ನಮ್ಮ ಕರ್ತವ್ಯ ಅಂದರಂತೆ. ರಾಸ್ ತಮ್ಮ ನೆನಪುಗಳಲ್ಲಿ ಇದನ್ನು ಬರೆದುಕೊಂಡಿದ್ದಾರೆ. ಮಲೇರಿಯಾ ಹರಡೋದು ಸೊಳ್ಳೆಯಿಂದ ಅಂತ ಆಗಿನ್ನೂ ಸಾಬೀತಾಗಿರಲಿಲ್ಲ. 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ಕಂಡಿದ್ದು ಇದೇ ರಾಸ್, 1902ರಲ್ಲಿ ನೊಬೆಲ್ ಬಂದಿದ್ದೂ ಅವರಿಗೇ. ನಮ್ಮ ಮೆಸ್ಸಿನ ಹಿಂದಿರೋ ಡ್ರಮ್ಮಿನ ಬಗ್ಗೆ ದೂರು ಕೊಟ್ಟಾಗ ನಮಗೆ ಸಿಕ್ಕ ಉತ್ತರವೂ ಆ ಅಧಿಕಾರಿಯ ಉತ್ತರಕ್ಕಿಂತ ಬಹಳ ಬೇರೆ ಇರಲಿಲ್ಲ.

ಹಾರೋ ಸೊಳ್ಳೆಯ ಹಿಂದೆ ಬ್ಯಾಟು ಹಿಡಿದು ಓಡೋದು ಮಜಾ, ಇಲ್ಲ ಅನ್ನಲ್ಲ. ಆದರೆ ಡೆಂಗ್ಯೂ ಸೊಳ್ಳೆ ಮೊಟ್ಟೆಯಿಂದ ರೆಕ್ಕೆವರೆಗೆ ಬರೋದಕ್ಕೆ ನಮ್ಮ ಹವೆಯಲ್ಲಿ ವಾರ, ಹತ್ತು ದಿನ ಸಾಕು. ಅದಕ್ಕೆ ಕೊಳಚೆ ಬೇಕಿಲ್ಲ. ಒಳ್ಳೆ ನೀರು, ಸಣ್ಣ ಪಾತ್ರೆ ಸಾಕು: ಮನಿ ಪ್ಲಾಂಟ್ ಬಾಟಲಿ, ಸ್ನಾನದ ಬಕೆಟ್ಟು, ಟೆರೇಸಿನ ಮೇಲೆ ಬಿದ್ದ ಟೈರು, ಫ್ರಿಜ್ಜಿನ ಹಿಂದಿನ ಟ್ರೇ. ವಾರಕ್ಕೊಮ್ಮೆ ಚೆಲ್ಲಿದರೆ ಆ ಸರಪಳಿ ಅಲ್ಲಿಗೇ ತುಂಡಾಗುತ್ತೆ. ಬರೀ ಚೆಲ್ಲಿದರೂ ಸಾಲದು, ಒಳಗಡೆ ಉಜ್ಜಬೇಕು. ಮೊಟ್ಟೆ ಪಾತ್ರೆಯ ಗೋಡೆಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತೆ, ಮತ್ತೆ ನೀರು ಬಿದ್ದಾಗ ಒಡೆಯುತ್ತೆ. ಇನ್ನೊಂದು ವಿಷಯ, ಈ ಸೊಳ್ಳೆ ಹಗಲು ಕಚ್ಚೋದು, ಬೆಳಿಗ್ಗೆ ಮತ್ತು ಸಂಜೆ ಜಾಸ್ತಿ. ರಾತ್ರಿಯಿಡೀ ಲಿಕ್ವಿಡ್ ಮಷೀನ್ ಹಾಕಿ, ಬೆಳಿಗ್ಗೆ ಏಳಕ್ಕೆ ಆರಿಸಿ ಮತ್ತೆ ಹೊದ್ದು ಮಲಗೋರಿಗೆ ಇದು ಗೊತ್ತಿರಲಿ.

ಸೊಳ್ಳೆಬತ್ತಿ ಬಗ್ಗೆ ಜಗಳವಾಡೋಕೂ ನಾವು ತಯಾರು. ಕಿಟಕಿ ಬಾಗಿಲು ಮುಚ್ಚಿ ಬತ್ತಿ ಹಚ್ಚೋದನ್ನು ದಯವಿಟ್ಟು ನಿಲ್ಲಿಸಿ. ಒಂದು ಬತ್ತಿ ಪೂರ್ತಿ ಉರಿದರೆ ಬರೋ ಸಣ್ಣ ಕಣಗಳು 75ರಿಂದ 137 ಸಿಗರೇಟಿನ ಹೊಗೆಯಷ್ಟು ಅಂತ 2003ರ ಒಂದು ಅಧ್ಯಯನ ಲೆಕ್ಕ ಕೊಟ್ಟಿದೆ. ಸಿಗರೇಟು ಸೇದೋ ರೂಮ್‌ಮೇಟನ್ನು ಕಾರಿಡಾರಿಗೆ ಅಟ್ಟಿ, ಒಳಗೆ ಬತ್ತಿ ಹಚ್ಚಿಕೊಂಡು ಮಲಗೋರು ನಮ್ಮಲ್ಲಿ ಎಷ್ಟು ಜನ ಇದ್ದಾರೋ. ಅದರ ಬದಲು ಫ್ಯಾನು ಜೋರಾಗಿ ಹಾಕಿ. ಸೊಳ್ಳೆ ಬಲು ದುರ್ಬಲ ಹಾರಾಟಗಾರ, ಗಂಟೆಗೆ ಎರಡು ಕಿಲೋಮೀಟರಿನ ಆಸುಪಾಸು ಅದರ ವೇಗ. ಫ್ಯಾನಿನ ಗಾಳಿಗೆ ಎದುರಾಗಿ ಬರೋದು ಅದಕ್ಕೆ ಕಷ್ಟ, ಜೊತೆಗೆ ನಮ್ಮ ಉಸಿರಿನ ವಾಸನೆಯೂ ಚದುರಿಹೋಗುತ್ತೆ. ಕರೆಂಟು ಹೋದರೆ ಸೊಳ್ಳೆ ಪರದೆ. ಹಳೇ ಕಾಲದ್ದು ಅಂತ ನಗೋರು ನಗಲಿ.

ಫಾಗಿಂಗ್ ಮಷೀನ್ ಬಂದರೆ ಎಲ್ಲರೂ ವಿಡಿಯೋ ಮಾಡ್ತೀವಿ, ಸ್ಟೇಟಸ್ ಹಾಕ್ತೀವಿ. ಆ ಹೊಗೆ ಸಾಯಿಸೋದು ಆ ಹೊತ್ತಿಗೆ ಹಾರುತ್ತಿರೋ ಸೊಳ್ಳೆಯನ್ನು. ಬಾಟಲಿಯೊಳಗಿನ ಮರಿಹುಳಕ್ಕೆ ಏನೂ ಆಗಲ್ಲ. ಅದಕ್ಕೇ ವಾರ್ಡನ್ ಸರ್ ಹತ್ರ ನಾವು ಕೇಳಿರೋದು ಇನ್ನೊಂದು ಸಲದ ಫಾಗಿಂಗ್ ಅಲ್ಲ, ಹರಿದ ಕಿಟಕಿ ಮೆಶ್ ಬದಲಿಸಿ ಮತ್ತು ಓವರ್‌ಹೆಡ್ ಟ್ಯಾಂಕಿಗೆ ಸರಿಯಾದ ಮುಚ್ಚಳ ಹಾಕಿಸಿ ಅಂತ. ಅರ್ಜಿ ಕೊಟ್ಟು ಮೂರು ವಾರ ಆಯಿತು. ಅಷ್ಟರೊಳಗೆ ನಮ್ಮ ಕಿಟಕಿಗೆ ಮೂವರೂ ದುಡ್ಡು ಹಾಕಿ ವೆಲ್ಕ್ರೋ ಮೆಶ್ ಅಂಟಿಸಿಕೊಂಡೆವು, ಒಂದು ಭಾನುವಾರದ ಬಿರಿಯಾನಿ ಖರ್ಚಿಗಿಂತ ಕಮ್ಮಿಯಲ್ಲಿ ಮುಗೀತು. ಆದರೆ ಟ್ಯಾಂಕಿನ ಮುಚ್ಚಳ ರೂಮಿನವರು ದುಡ್ಡು ಹಾಕಿ ತರೋ ವಸ್ತು ಅಲ್ಲ, ಅದನ್ನು ಕೇಳ್ತಾನೇ ಇರ್ತೀವಿ.

ಈ ಭಾನುವಾರ ಬೆಳಿಗ್ಗೆ ತಿಂಡಿ ಆದ ಮೇಲೆ ಬ್ಲಾಕಿನ ಟೆರೇಸಿನಿಂದ ಶುರು ಮಾಡಿ ಒಂದೊಂದೇ ಫ್ಲೋರ್ ಇಳೀತೀವಿ. ಬಾಲ್ಕನಿ, ಬಕೆಟ್ಟು, ಕುಂಡ, ಕುರ್ಚಿ ಹಿಂದಿನ ಮೂಲೆ, ಎಲ್ಲ. ಪಾತ್ರೆ ಉಜ್ಜೋ ಬ್ರಷ್ ಇದ್ದವರು ತನ್ನಿ. ಮೆಸ್ಸಿನ ಹಿಂದಿನ ಡ್ರಮ್ಮು ಬಗ್ಗಿಸೋಕೆ ಕಮ್ಮಿ ಅಂದರೂ ನಾಲ್ಕು ಜನ ಬೇಕು, ಮೂವರು ಈಗಾಗಲೇ ಇದ್ದೀವಿ.