ಫ್ಯೂಸ್ ಜಾಗಕ್ಕೆ ತಂತಿ ಸುತ್ತೋ ಮುಂಚೆ ಇದನ್ನೊಂದ್ಸಲ ಓದಿ

ಈ ಸಲ ಬೆಳೆ ವಿಚಾರ ಅಲ್ಲ, ಗಾಡಿ ವಿಚಾರ. ನಮ್ ಕಡೆ ಇನ್ನೂ ಐದಾರು ಮನೇಲಿ ಹಳೇ ಯೆಜ್ಡಿ, ಜಾವಾ ಓಡ್ತಾ ಇವೆ. ಅವ್ರಿಗೆಲ್ಲ ಉಪಯೋಗ ಆಗ್ಬಹುದು ಅಂತ ಬರೀತಿದೀನಿ. ನನ್ನ ತಪ್ಪು ಒಪ್ಕೊಳ್ಳೋದೂ ಇದೆ.

ನಮ್ದು 1978ರ ಯೆಜ್ಡಿ, ಅಪ್ಪ ಓಡಿಸ್ತಿದ್ದ ಗಾಡಿ. ಮೈಸೂರಿನ ಫ್ಯಾಕ್ಟರಿ 1996ರಲ್ಲಿ ಮುಚ್ಚಿದ್ರೂ ಗಾಡಿಗಳು ಮಾತ್ರ ನಿಂತಿಲ್ಲ. ಕಿಕ್ಕರೂ ಗೇರೂ ಒಂದೇ ಲಿವರಲ್ಲಿ ಇರೋದನ್ನ ನೋಡಿ ಈಗಿನ ಹುಡುಗ್ರು ನಗ್ತಾರೆ, ಆದ್ರೆ ಗದ್ದೆ ಬದು ಮೇಲೆ ಎರಡು ಹೊರೆ ಹೇರ್ಕೊಂಡು ಹೋಗೋಕೆ ನನಗೆ ಇದೇ ಆಗ್ಬೇಕು.

ಕಳೆದ ತಿಂಗಳು ಇದ್ರ ಫ್ಯೂಸ್ ಹೋಗೋಕೆ ಶುರುವಾಯ್ತು. ಹಾಕಿದ್ರೆ ಎರಡು ದಿನ ಸುಮ್ನಿರೋದು, ಮೂರನೇ ದಿನ ಢಮಾರ್. ಮೂರು ಫ್ಯೂಸ್ ಹಾಕ್ದೆ. ನಾಲ್ಕನೇ ಸಲ ಅಂಗಡಿ ಬಾಗಿಲು ಹಾಕಿತ್ತು, ವೈರಿಂದ ಎರಡೆಳೆ ತಾಮ್ರ ಕಿತ್ತು ಫ್ಯೂಸ್ ಜಾಗಕ್ಕೆ ಸುತ್ತಿಬಿಟ್ಟೆ. ಪಂಪ್‌ಸೆಟ್ ಫ್ಯೂಸಿಗೆ ನಾವೆಲ್ಲ ಮಾಡೋದು ಇದನ್ನೇ ಅಲ್ವಾ.

ಅವತ್ತು ಸಂಜೆ ಹಿಂದಿನ ಸೀಟಿಗೆ ಹಸಿ ಮೇವಿನ ಹೊರೆ ಕಟ್ಕೊಂಡು, ಲೈಟ್ ಹಾಕ್ಕೊಂಡು ಬರ್ತಾ ಇದ್ದೆ. ಕಬ್ಬು ಕಡಿದ ಗದ್ದೆ ಹತ್ರ ಟ್ಯಾಂಕ್ ಕೆಳಗಿಂದ ಹೊಗೆ ಬಂತು, ಪ್ಲಾಸ್ಟಿಕ್ ಸುಟ್ಟ ವಾಸನೆ. ಮೇಲೆ ಪೆಟ್ರೋಲು, ಕಾಲ ಕೆಳಗೆ ಒಣಗಿದ ತರಗು. ಗಾಡಿ ನಿಲ್ಸಿ ಬ್ಯಾಟರಿ ವೈರ್ ಕಿತ್ತು ಹಾಕೋಷ್ಟರಲ್ಲಿ ಬೆರಳು ಸುಟ್ಕೊಂಡೆ. ಅಷ್ಟಕ್ಕೇ ಮುಗೀತು, ನನ್ನ ಪುಣ್ಯ. ಫ್ಯೂಸ್ ಮೂರು ಸಲ ಹೋಗಿದ್ದು ಕೆಟ್ಟಿದ್ದಕ್ಕಲ್ಲ, ಅದ್ರ ಕೆಲಸ ಅದು ಮಾಡಿತ್ತು. ಬಾಯಿ ಮುಚ್ಚಿಸಿದ್ದು ನಾನು.

ಮಾರನೇ ದಿನ ಮೆಕ್ಯಾನಿಕ್ ಹತ್ರ ತಗೊಂಡೋದೆ. ಹಗಲೊತ್ತಲ್ಲಿ ಸ್ಟಾರ್ಟ್ ಮಾಡಿ, ಹಾರನ್ ಹೊಡೆದು ನೋಡಿ, "ಏನೂ ಕಾಣ್ತಿಲ್ಲಣ್ಣ, ಪೂರ್ತಿ ವೈರಿಂಗ್ ಚೇಂಜ್ ಮಾಡ್ಬಿಡಿ" ಅಂದ. ಅವನ ಮೇಲೆ ನನಗೆ ಕೋಪ ಇಲ್ಲ. ಅವನ ಅಂಗಡೀಲಿ ತೊಂದ್ರೆ ತೋರಿಸ್ಲೇ ಇಲ್ವಲ್ಲ. ಆದ್ರೆ ಈ 'ಪೂರ್ತಿ ಚೇಂಜ್' ಅನ್ನೋ ಮಾತಿಗೆ ನಾವು ಸುಲಭವಾಗಿ ತಲೆ ಆಡಿಸ್ತೀವಿ ಅನ್ನೋದು ನನ್ನ ತಕರಾರು. ಎಲ್ಲಿ ತಾಗ್ತಿದೆ ಅಂತ ಗೊತ್ತಾಗದೆ ಹೊಸ ವೈರ್ ಎಳೆದ್ರೆ, ಅದೂ ಅದೇ ಜಾಗದಲ್ಲೇ ಹಾದುಹೋಗುತ್ತೆ, ಅಲ್ಲೇ ಸವೆಯುತ್ತೆ.

ಮನೆಗೆ ವಾಪಸ್ ತಂದು, ನಾನೇ ಹುಡುಕೋದು ಅಂತ ಕೂತೆ. ಮೊದಲು ಯೋಚನೆ ಮಾಡಿದ್ದು ಒಂದೇ: ಯಾವಾಗ ಯಾವಾಗ ಫ್ಯೂಸ್ ಹೋಗಿತ್ತು? ನಾಲ್ಕು ಸಲವೂ ಸಂಜೆ ಮೇಲೆ. ಹಗಲಲ್ಲಿ ಒಂದ್ಸಲವೂ ಇಲ್ಲ. ಅಂದ್ರೆ ಲೈಟ್ ಹಾಕಿದಾಗ ಕರೆಂಟ್ ಹರಿಯೋ ವೈರಲ್ಲಿ ಏನೋ ಇದೆ. ಇಷ್ಟನ್ನ ಮೆಕ್ಯಾನಿಕ್ಕಿಗೆ ನಾನು ಹೇಳೇ ಇರ್ಲಿಲ್ಲ.

ಹುಡುಕೋಕೆ ಬೇಕಾಗಿದ್ದು ಒಂದು ಬಲ್ಬು ಅಷ್ಟೇ. ಹಳೇ 6 ವೋಲ್ಟಿನ ಹೆಡ್‌ಲೈಟ್ ಬಲ್ಬಿಗೆ ಎರಡು ವೈರ್ ಬೆಸುಗೆ ಹಾಕ್ಕೊಂಡೆ. ಫ್ಯೂಸ್ ತೆಗೆದು, ಆ ಜಾಗದ ಎರಡು ತುದಿಗೆ ಈ ವೈರ್ ಸಿಕ್ಕಿಸಿದೆ. ಬ್ಯಾಟರಿಯಿಂದ ಬರೋ ಕರೆಂಟೆಲ್ಲ ಈಗ ಈ ಬಲ್ಬ್ ಮೂಲಕವೇ ಹೋಗ್ಬೇಕು. ಎಲ್ಲಾದ್ರೂ ವೈರು ಬಾಡಿಗೆ ತಾಗಿದ್ರೆ ಬಲ್ಬ್ ಜೋರಾಗಿ ಹತ್ತುತ್ತೆ. 25 ವ್ಯಾಟ್ ಬಲ್ಬ್ 6 ವೋಲ್ಟಲ್ಲಿ ಸುಮಾರು 4 ಆಂಪ್ಸ್ ಮಾತ್ರ ಬಿಡುತ್ತೆ. ಹಂಗಾಗಿ ಶಾರ್ಟ್ ಇದ್ರೂ ವೈರ್ ಸುಡಲ್ಲ, ನಿಧಾನಕ್ಕೆ ಕೂತು ಹುಡುಕ್ಬಹುದು. ಮನೆ ಕರೆಂಟ್ ನೋಡೋ ಸ್ಕ್ರೂಡ್ರೈವರ್ ಟೆಸ್ಟರ್ ಇಲ್ಲಿ ಹತ್ತೋದೇ ಇಲ್ಲ, ಅದನ್ನ ನಂಬ್ಕೊಂಡು ಕೂರ್ಬೇಡಿ.

ಕೀ ಆಫಲ್ಲಿದ್ದಾಗ ಬಲ್ಬ್ ಹತ್ತಲಿಲ್ಲ. ಬ್ಯಾಟರಿಯಿಂದ ಸ್ವಿಚ್ಚಿನವರೆಗೆ ಸರಿ ಇದೆ ಅಂತಾಯ್ತು. ಕೀ ಆನ್ ಮಾಡಿದ್ರೆ ಮಂಕಾಗಿ ಹತ್ತಿತು. ಸಿಕ್ತು ಅಂತ ಖುಷಿ ಪಟ್ಟು ಅರ್ಧ ಗಂಟೆ ಹಾಳು ಮಾಡ್ದೆ. ಅದು ಶಾರ್ಟಲ್ಲ, ಇಗ್ನಿಷನ್ ಕಾಯಿಲ್ ತಗೊಳ್ಳೋ ಕರೆಂಟು. ಆಮೇಲೆ ಕಾಯಿಲ್ ವೈರು, ಡೈನಮೋ ವೈರು ಬಿಚ್ಚಿಟ್ಟೆ. ಹೆಡ್‌ಲೈಟ್, ಟೈಲ್ ಲೈಟ್ ಬಲ್ಬೂ ತೆಗೆದೆ. ಈಗ ಕರೆಂಟ್ ಹೋಗೋಕೆ ನ್ಯಾಯವಾದ ದಾರಿ ಯಾವುದೂ ಇಲ್ಲ. ಇನ್ನು ಬಲ್ಬ್ ಹತ್ತಿದ್ರೆ ಅದು ಕಳ್ಳದಾರೀನೇ. ಮಲ್ಟಿಮೀಟರ್ ಇಟ್ಟು ನೋಡೋರೂ ಬಲ್ಬುಗಳನ್ನ ತೆಗೀಲೇಬೇಕು. ತಣ್ಣಗಿರೋ ಬಲ್ಬಿನ ತಂತಿಗೆ ತಡೆ ಎಷ್ಟು ಕಮ್ಮಿ ಅಂದ್ರೆ, ಶಾರ್ಟ್ ಇಲ್ದಿದ್ರೂ ಮೀಟರು ಕೀ ಅನ್ನುತ್ತೆ.

ಲೈಟ್ ಸ್ವಿಚ್ ಹಾಕ್ದೆ. ಹತ್ತಲಿಲ್ಲ. ಹ್ಯಾಂಡಲ್ ಈ ಕಡೆ ಆ ಕಡೆ ತಿರುಗಿಸ್ದೆ. ಹಳೇ ಗಾಡೀಲಿ ಕುತ್ತಿಗೆ ಹತ್ರಾನೇ ವೈರ್ ಸವೆಯೋದು ಜಾಸ್ತಿ, ಅದಕ್ಕೆ ಅಲ್ಲೇ ಅಂತ ಪಂದ್ಯ ಕಟ್ಟೋಷ್ಟು ನಂಬಿಕೆ ಇತ್ತು. ಊಹೂಂ. ಒಂದೊಂದೇ ವೈರ್ ಎಳೆದು ಅಲ್ಲಾಡಿಸ್ದೆ, ಏನೂ ಇಲ್ಲ. ಊಟದ ಹೊತ್ತಾಯ್ತು, ಬೇಜಾರಾಗಿ ಜಗಲಿ ಮೇಲೆ ಕೂತೆ. ಮಗ ಬಂದು ಸ್ಟ್ಯಾಂಡ್ ಹಾಕಿದ ಗಾಡಿ ಮೇಲೆ ಹತ್ತಿ ಹಿಂದಿನ ಸೀಟಲ್ಲಿ ಕೂತ.

ಬಲ್ಬ್ ಭಗ್ ಅಂತ ಹತ್ತಿತು.

ಇಳೀ ಅಂದೆ, ಆರಿತು. ಹತ್ತು ಅಂದೆ, ಹತ್ತಿತು. ನಾಲ್ಕೈದು ಸಲ ಮಾಡ್ಸಿದ್ಮೇಲೆ ಅವನು "ಏನಪ್ಪಾ ನಿಂದು" ಅಂತ ಬೈದು ಎದ್ದು ಹೋದ.

ಸೀಟ್ ಎತ್ತಿ ನೋಡಿದ್ರೆ, ಟೈಲ್ ಲೈಟಿಗೆ ಹೋಗೋ ವೈರು ಹಿಂದಿನ ಮಡ್‌ಗಾರ್ಡ್ ಮೇಲೆ ಕ್ಲಿಪ್ಪಿಂದ ಬಿಟ್ಕೊಂಡಿತ್ತು. ಸೀಟಿನ ತಗಡಿನ ಅಂಚು ಸರಿಯಾಗಿ ಅದ್ರ ಮೇಲೆ ಕೂರ್ತಿತ್ತು. ಮೇಲೆ ಭಾರ ಬಿದ್ದಾಗ ಮಾತ್ರ ಒತ್ತಿ, ಪ್ಲಾಸ್ಟಿಕ್ ಸವೆದ ಜಾಗದಲ್ಲಿ ತಾಮ್ರ ತಗಡಿಗೆ ತಾಗ್ತಿತ್ತು. ಕತ್ತಲು ಇರ್ಬೇಕು, ಹಿಂದೆ ಹೊರೆಯೂ ಇರ್ಬೇಕು. ಹಗಲಲ್ಲಿ ಖಾಲಿ ಗಾಡಿ ನೋಡಿದ ಮೆಕ್ಯಾನಿಕ್ಕಿಗೆ ಹೆಂಗೆ ಸಿಗ್ಬೇಕು?

ರಿಪೇರಿ ದೊಡ್ಡದಲ್ಲ. ಸವೆದಿದ್ದು, ಟ್ಯಾಂಕ್ ಕೆಳಗೆ ಕರಗಿದ್ದು ಎರಡನ್ನೂ ಕತ್ತರಿಸಿ ಅಷ್ಟೇ ದಪ್ಪದ ಹೊಸ ವೈರ್ ಹಾಕ್ದೆ. ದಪ್ಪದಲ್ಲಿ ಕಂಜೂಸ್ ಮಾಡ್ಬಾರ್ದು. ಅದೇ ವ್ಯಾಟಿನ ಬಲ್ಬಿಗೆ 12 ವೋಲ್ಟ್ ಗಾಡಿಗಿಂತ 6 ವೋಲ್ಟ್ ಗಾಡೀಲಿ ಎರಡರಷ್ಟು ಕರೆಂಟ್ ಹರಿಯುತ್ತೆ. ಜಾಯಿಂಟಿಗೆ ಬೆಸುಗೆ, ಮೇಲೆ ತೋಳು. ಬರೀ ಟೇಪ್ ಸುತ್ತಿದ್ರೆ ಬಿಸಿಗೆ ಅಂಟು ಬಿಟ್ಕೊಳ್ಳುತ್ತೆ. ಸೀಟಿನ ಅಂಚು ಬರೋ ಕಡೆ ಹಳೇ ಸೈಕಲ್ ಟ್ಯೂಬ್ ತುಂಡು ತೂರಿಸಿ, ವೈರನ್ನ ಪಕ್ಕಕ್ಕೆ ಸರಿಸಿ ಕ್ಲಿಪ್ ಒತ್ತಿದೆ. ನೂರು ರೂಪಾಯಿ ಒಳಗೆ ಮುಗೀತು, ಸರಿಯಾದ ಫ್ಯೂಸೂ ಸೇರಿ. ನಾನೂ ಮಗನೂ ಇಬ್ರೂ ಕೂತು ರಾತ್ರಿ ಊರು ಸುತ್ತಿ ಬಂದ್ವಿ.

ಎಲ್ಲಾ ವೈರೂ ಮುಟ್ಟಿದ್ರೆ ಪುಡಿಪುಡಿ ಉದುರೋ ಗಾಡಿಗೆ ಪೂರ್ತಿ ಚೇಂಜ್ ಮಾಡೋದೇ ಸರಿ, ಅದ್ರಲ್ಲಿ ಜಗಳ ಇಲ್ಲ. ಆದ್ರೆ ಫ್ಯೂಸ್ ಒಂದೇ ಒಂದ್ಸಲ ಹೋದ್ರೂ ಯಾವ ಹೊತ್ತು, ಎಷ್ಟು ಭಾರ, ಮಳೆ ಇತ್ತಾ, ಯಾವ ಸ್ವಿಚ್ ಆನಿತ್ತು ಅಂತ ಚೀಟೀಲಿ ಬರ್ಕೊಂಡು ಮೆಕ್ಯಾನಿಕ್ ಕೈಗೆ ಕೊಡಿ. ಅದನ್ನ ನೋಡಿರೋರು ನಾವು, ಅವನಲ್ಲ.

ಪಂಪ್‌ಸೆಟ್ ಫ್ಯೂಸಿನ ತಾಮ್ರದೆಳೇನೂ ಮೊನ್ನೆ ತೆಗೆಸಿ, ಸರಿಯಾದ ಫ್ಯೂಸ್ ವೈರ್ ಹಾಕ್ಸಿದೆ. ಬಲ್ಬ್ ಟೆಸ್ಟರ್ ನಮ್ಮ ಕೊಟ್ಟಿಗೆ ಗೂಟಕ್ಕೆ ನೇತಾಕಿದೀನಿ. ಬೇಕಾದೋರು ತಗೊಂಡೋಗಿ, ವಾಪಸ್ ತಂದಿಡಿ. 6 ವೋಲ್ಟ್ ಬಲ್ಬು ಈಗ ಅಂಗಡೀಲಿ ಸಿಗೋದೇ ಕಷ್ಟ ಆಗಿದೆ.