ಮೂರು ನಿಮಿಷದ ಚೆಸ್, ನಾಲ್ಕೇ ನಡೆಯ ಸೋಲು

ಮಗ ಮೊಬೈಲಿನಲ್ಲಿ ಚೆಸ್ ಆಡುತ್ತಿದ್ದರೆ ಉಮ್ಮನಿಗೆ ಒಂಥರಾ ಸಮಾಧಾನ, ರೀಲ್ಸ್ ನೋಡುವುದಕ್ಕಿಂತ ವಾಸಿಯಲ್ಲವೇ ಅಂತ. ನಮಗೆ ಅಷ್ಟು ಸಮಾಧಾನವಿಲ್ಲ. ಕರಾವಳಿಯಲ್ಲೂ ಅಷ್ಟೆ, ಘಟ್ಟ ಹತ್ತಿ ಬಂದರೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದಲ್ಲೂ ಅಷ್ಟೆ, ಹುಡುಗರು ಆಡುವುದು ಬ್ಲಿಟ್ಜ್. ಒಬ್ಬೊಬ್ಬರಿಗೆ ಮೂರೋ ಐದೋ ನಿಮಿಷ. ಸೋತರೆ ಮತ್ತೊಂದು, ಗೆದ್ದರೆ ಇನ್ನೊಂದು.

ಈ ಆಟದಲ್ಲಿ ಮಕ್ಕಳು ಬಾಯಿಪಾಠ ಮಾಡಿಕೊಳ್ಳುವ ಮೊದಲ ಆರಂಭವೇ ನಾಲ್ಕು ನಡೆಯ ಮೇಟ್. ರಾಜನ ಮುಂದಿನ ಕಾಲಾಳು, ಆಮೇಲೆ ಒಂಟೆ, ಆಮೇಲೆ ರಾಣಿ. ನಾಲ್ಕನೆಯದಕ್ಕೆ ರಾಣಿ ಎದುರಾಳಿಯ ಎಫ್7 ಕಾಲಾಳನ್ನು ಹೊಡೆದರೆ ಮುಗಿಯಿತು. ಆ ಕಾಲಾಳಿಗೆ ಶುರುವಿನಲ್ಲಿ ಕಾವಲು ರಾಜ ಒಬ್ಬನೇ ಎಂದು ಗೊತ್ತಿಲ್ಲದವರ ಮುಂದೆ ಮಾತ್ರ ಇದು ನಡೆಯುತ್ತದೆ. ಗೊತ್ತಿರುವವನು ರಾಣಿ ಬಂದ ಕೂಡಲೇ ಜಿ ಕಾಲಾಳನ್ನು ಒಂದು ಮನೆ ಮುಂದಿಟ್ಟು ಓಡಿಸುತ್ತಾನೆ. ರಾಣಿ ಎಫ್3ಕ್ಕೆ ಹೋಗಿ ಮತ್ತೆ ಗುರಿ ಇಟ್ಟರೆ ಕುದುರೆಯನ್ನು ಅಡ್ಡ ತರುತ್ತಾನೆ. ಈಗ ಓಡಾಡಿ ಸುಸ್ತಾದದ್ದು ರಾಣಿ. ಟೂರ್ನಮೆಂಟಿನಲ್ಲಿ ನಮ್ಮ ಹುಡುಗ ಕಕ್ಕಾಬಿಕ್ಕಿಯಾಗುವುದು ಇಲ್ಲೇ. ಐದನೇ ನಡೆ ಅವನಿಗೆ ಯಾರೂ ಹೇಳಿಕೊಟ್ಟಿಲ್ಲ!

ವೇಗ ತಪ್ಪಲ್ಲ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ರೀಲರ್ ಒಂದು ಹಿಡಿ ರೇಷ್ಮೆಗೂಡು ಕೈಗೆತ್ತಿಕೊಂಡು ಕ್ಷಣದಲ್ಲಿ ಬೆಲೆ ಕಟ್ಟುತ್ತಾನೆ. ಆ ಕ್ಷಣದ ಹಿಂದೆ ಎಷ್ಟು ವರ್ಷ ನೂಲು ಬಿಚ್ಚಿದ ಕೈ ಇದೆ ಎಂದು ಆ ಮನೆಯವರನ್ನೇ ಕೇಳಿ. ಬೆಂಗಳೂರಿನ ಪ್ರಣವ್ ಆನಂದ್ 2022ರಲ್ಲಿ ರೊಮೇನಿಯಾದಲ್ಲಿ 16 ವರ್ಷದೊಳಗಿನವರ ವಿಶ್ವ ಚಾಂಪಿಯನ್ ಆದದ್ದೂ ಗಂಟೆಗಟ್ಟಲೆ ಕೂತು ಆಡುವ ಚೆಸ್‌ನಲ್ಲಿ.

ಆರಂಭವನ್ನು ಕೂತು ಅಭ್ಯಾಸ ಮಾಡುವುದು ನಮಗೇನೂ ಹೊಸತಲ್ಲ. ಹತ್ತನೇ ಶತಮಾನದಲ್ಲಿ ಬಾಗ್ದಾದಿನ ಅಸ್ಸೂಲಿ ಶತ್ರಂಜ್ ಬಗ್ಗೆ ಗ್ರಂಥ ಬರೆದವರು. ಅಂದಿನವರು ಆರಂಭದ ವ್ಯೂಹಕ್ಕೆ ಇಟ್ಟ 'ತಅಬಿಯಾ' ಎಂಬ ಅರಬಿ ಹೆಸರನ್ನು ಇವತ್ತಿನ ಗ್ರ್ಯಾಂಡ್‌ಮಾಸ್ಟರ್‌ಗಳೂ ಬಳಸುತ್ತಾರೆ.

ಚೆಸ್ ಆಡಬಹುದಾ ಉಸ್ತಾದ್ ಎಂದು ಕೇಳುವವರಿದ್ದಾರೆ. ಶಾಫಿಈಗಳಾದ ನಮ್ಮಲ್ಲಿ ಅದು ಮಕ್ರೂಹ್. ಹಣ ಕಟ್ಟಿದರೆ, ನಮಾಝ್ ತಪ್ಪಿದರೆ ಹರಾಮ್. ಹನಫಿಗಳಲ್ಲಿ ಇನ್ನೂ ಬಿಗಿ. ಹಾಗಿರುವಾಗ ಮಗ್ರಿಬ್‌ನಿಂದ ಇಶಾ ದಾಟುವವರೆಗೆ 'ಇನ್ನೊಂದೇ ಆಟ' ಎನ್ನುವ ಫೋನಿಗೆ ಮಗುವನ್ನು ಒಪ್ಪಿಸಿ, ಮಣೆಯ ಚೆಸ್‌ಗೆ ಮಾತ್ರ ಮುಖ ಸಿಂಡರಿಸುವುದು ಯಾವ ಲೆಕ್ಕ? ಆಡಿಸುವುದಿದ್ದರೆ ಮನೆಗೆ ಒಂದು ಮಣೆ ತನ್ನಿ. ಅಸರ್ ನಂತರ ಒಂದೇ ಆಟ, ಬಾಪ್ಪನ ಎದುರು. ಗಡಿಯಾರ ಬೇಡ. ಪ್ರತಿ ನಡೆಗೂ 'ಇದನ್ನು ಯಾಕೆ ಆಡಿದೆ ಮೋನೇ' ಅಂತ ಕೇಳಿ. ಉತ್ತರ ಬರುವ ದಿನ ಟೂರ್ನಮೆಂಟಿಗೆ ಹೆಸರು ಕೊಟ್ಟರಾಯಿತು.